ನಿಲ್ದಾಣ ಬರುತ್ತದೆ, ನಮ್ಮ ಬೀದಿ ಏನಾಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸ ರೈಲು ಮಾರ್ಗ ಮತ್ತು ಅದರ ಅಕ್ಕಪಕ್ಕದ ಮನೆ, ಅಂಗಡಿಗಳ ಬಗ್ಗೆ. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಮೆಟ್ರೊ ನಿಲ್ದಾಣ ಬರುತ್ತದಂತೆ. ಮನೆ ಈಗಲೇ ಮಾರುವುದೋ, ರೈಲು ಓಡುವವರೆಗೆ ಕಾಯುವುದೋ? ಬೆಲೆ ಏರುವುದು ಗ್ಯಾರಂಟಿಯಾ?
— ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಗ್ಯಾರಂಟಿ ಅಂತ ಹೇಳುವವರ ಮಾತು ನಂಬಿ ಯಾವುದಕ್ಕೂ ಸಹಿ ಹಾಕಬೇಡಿ. ಬೆಲೆ ರೈಲಿಗಾಗಿ ಕಾಯುವುದಿಲ್ಲ. ಮಾರ್ಗ ಪ್ರಕಟವಾದ ಕೂಡಲೇ ಒಂದಿಷ್ಟು ಏರುತ್ತದೆ. ಕೆಲಸ ನಡೆಯುವಾಗ ಧೂಳು, ಸದ್ದು, ಬಂದ್ ಆದ ರಸ್ತೆ ಇವೆಲ್ಲ ಸೇರಿ ಕೆಲವು ಕಡೆ ಮಂಕಾಗುತ್ತದೆ. ರೈಲು ಓಡಿದ ಮೇಲೆ ಮತ್ತೆ ಏರಬಹುದು. ಇವತ್ತು ನಿಮಗೆ ಯಾರಾದರೂ ಹೇಳುವ ಬೆಲೆಯಲ್ಲಿ ಬರಲಿರುವ ರೈಲಿನ ಪಾಲು ಆಗಲೇ ಸೇರಿರುತ್ತದೆ.

ಮೊದಲು ಆ ಅರ್ಧ ಕಿಲೋಮೀಟರನ್ನು ನಡೆದು ನೋಡಿ. ನಾನು ನಗರ ಯೋಜನೆಯ ಕೆಲಸದಲ್ಲಿದ್ದಾಗ ನಕ್ಷೆಯಲ್ಲಿ ನಿಲ್ದಾಣದ ಮೇಲೆ ಕೈವಾರದ ಮುಳ್ಳು ಊರಿ 500 ಮೀಟರಿನ ಸುತ್ತು ಎಳೆಯುತ್ತಿದ್ದೆವು. ಅಂಥದ್ದೊಂದು ಸುತ್ತಿನೊಳಗಿದ್ದ ಬಡಾವಣೆಯಿಂದ ನಿಲ್ದಾಣದ ಜಾಗಕ್ಕೆ ನಡೆದು ಹೋದೆ. ನಡುವೆ ಕಾರ್ಖಾನೆಯೊಂದರ ಉದ್ದನೆಯ ಕಾಂಪೌಂಡ್, ಅದು ಮುಗಿದರೆ ದೊಡ್ಡ ಚರಂಡಿ. ದಾಟಲು ಸೇತುವೆ ಇದ್ದದ್ದು ಇನ್ನೂ ಮುಂದೆ. ಬಳಸಿಕೊಂಡು ಹೋಗುವಷ್ಟರಲ್ಲಿ ದೂರ ಎರಡು ಪಟ್ಟಾಗಿತ್ತು. ಕಾಗದದ ಮೇಲೆ ಮಾತ್ರ ಆ ಮನೆಗಳು ನಿಲ್ದಾಣದ ಪಕ್ಕದವು. ಕಾಂಪೌಂಡಿನಲ್ಲಿ ಒಂದು ಗೇಟ್, ಚರಂಡಿಗೆ ಒಂದು ಕಾಲುಸೇತುವೆ ಇದ್ದಿದ್ದರೆ ಆ ಬಡಾವಣೆಯ ಹಣೆಬರಹವೇ ಬೇರೆ. ಹತ್ತು ನಿಮಿಷದ ನಡಿಗೆ, ಅಂದರೆ ಸುಮಾರು 800 ಮೀಟರ್, ದಾಟಿದರೆ ನಿಲ್ದಾಣದ ಪ್ರಭಾವ ಬೇಗ ಇಳಿಯುತ್ತದೆ.

ಇನ್ನೊಂದು ವಿಷಯ, ನಿಲ್ದಾಣದ ಸುತ್ತ ಏನು ಕಟ್ಟಲು ಅನುಮತಿ ಇದೆ ಅನ್ನುವುದು. ಅಮೆರಿಕದ ವಾಷಿಂಗ್ಟನ್ ಪಕ್ಕದಲ್ಲಿ ಆರ್ಲಿಂಗ್ಟನ್ ಇದೆ. ಅಲ್ಲಿ ಮೆಟ್ರೊವನ್ನು ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಓಡಿಸುವುದು ಅಗ್ಗವಿತ್ತು. ಸ್ಥಳೀಯ ಆಡಳಿತ ಹಟ ಹಿಡಿದು ಹಳೆಯ ಅಂಗಡಿ ಬೀದಿಯ ಕೆಳಗೆ ಸುರಂಗ ಮಾಡಿಸಿತು. 1979ರಲ್ಲಿ ರೈಲು ಬಾಲ್‌ಸ್ಟನ್‌ವರೆಗೆ ಬಂತು. ನಿಲ್ದಾಣದ ಪಕ್ಕ ಎತ್ತರದ ಕಟ್ಟಡಗಳಿಗೆ ಅನುಮತಿ, ದೂರ ಹೋದಂತೆ ಕಮ್ಮಿ ಎತ್ತರ, ಅದರಾಚೆ ಹಳೆಯ ಒಂಟಿ ಮನೆಗಳು ಹಾಗೇ ಉಳಿದವು. ಅದೇ ಮಾರ್ಗ ಮುಂದೆ ಹೆದ್ದಾರಿಯ ನಡುವೆ ಓಡುತ್ತದೆ. ಅಲ್ಲಿ ಇಳಿದವರ ಎರಡೂ ಬದಿಗೆ ಕಾಣುವುದು ವಾಹನಗಳ ಸಾಲು. ರೈಲು ಒಂದೇ, ಊರು ಬೆಳೆದದ್ದು ಬೇರೆ ಬೇರೆ ಥರ.

ಆ ಮನೆಯಲ್ಲಿ ನೀವೇ ಇದ್ದು, ರೈಲು ನಿಮಗೂ ಉಪಯೋಗಕ್ಕೆ ಬರುವುದಾದರೆ ಮಾರಬೇಡಿ. ಮಾರಲೇಬೇಕಾದರೆ ನಡಿಗೆಯ ದಾರಿ ಮತ್ತು ಕಟ್ಟಡ ನಿಯಮ, ಎರಡನ್ನೂ ತಿಳಿದುಕೊಂಡ ಮೇಲೆ ಬೆಲೆ ಹೇಳಿ.

ಪ್ರಶ್ನೆ: ಮಾರ್ಗ ಹಾಕುವುದು ಎಲ್ಲರ ತೆರಿಗೆ ದುಡ್ಡಲ್ಲಿ. ಲಾಭ ಮಾತ್ರ ಪಕ್ಕದಲ್ಲಿ ಜಾಗ ಇಟ್ಟುಕೊಂಡವರಿಗೆ. ಇದು ನ್ಯಾಯವಾ?
— ಅರ್ಥಶಾಸ್ತ್ರ ವಿದ್ಯಾರ್ಥಿನಿ

ಉತ್ತರ: ಅಲ್ಲ. ನನ್ನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆಯೇ ಇದು. ನೀವು ಕೇಳಿದ್ದು ತುಂಬಾ ಖುಷಿಯಾಯಿತು.

ಹಿಂದೆ ರೈಲು ಹಾಕಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಜಪಾನಿನಲ್ಲಿ ಕೊಬಯಾಶಿ ಇಚಿಜೊ 1910ರಲ್ಲಿ ಒಸಾಕಾದಿಂದ ಹೊರಗೆ ವಿದ್ಯುತ್ ರೈಲು ಶುರುಮಾಡಿದರು. ಆ ದಾರಿಯಲ್ಲಿ ಆಗ ಹೇಳಿಕೊಳ್ಳುವಷ್ಟು ಜನರೇ ಇರಲಿಲ್ಲ. ಜಾಗ ಮೊದಲೇ ಕೊಂಡು, ಮನೆ ಕಟ್ಟಿಸಿ, ಕಂತಿನಲ್ಲಿ ಮಾರಿದರು. ಒಂದು ತುದಿಯ ತಕರಜುಕಾದಲ್ಲಿ 1914ರಿಂದ ಹೆಣ್ಣುಮಕ್ಕಳ ರಂಗತಂಡದ ಪ್ರದರ್ಶನ ನಡೆಸಿದರು. ಇನ್ನೊಂದು ತುದಿಯ ಉಮೆದಾ ನಿಲ್ದಾಣದಲ್ಲಿ 1929ರಲ್ಲಿ ದೊಡ್ಡ ಮಳಿಗೆ ತೆರೆದರು. ಬೆಳಿಗ್ಗೆ ಊರೊಳಗೆ, ರಜೆಯಲ್ಲಿ ಊರಾಚೆಗೆ, ಎರಡೂ ಕಡೆ ರೈಲು ತುಂಬಿತು. ಜಾಗದ ಲಾಭ ರೈಲು ಓಡಿಸಿದವರಿಗೇ ಬಂತು, ಹಾಗಾಗಿ ರೈಲೂ ಉಳಿಯಿತು.

ಲಾಸ್ ಏಂಜಲೀಸ್‌ನಲ್ಲಿ ಹೆನ್ರಿ ಹಂಟಿಂಗ್‌ಟನ್ 1901ರಲ್ಲಿ ಶುರುಮಾಡಿದ ಪೆಸಿಫಿಕ್ ಎಲೆಕ್ಟ್ರಿಕ್ ಎಂಬ ರೈಲು ಕಂಪನಿಯ ಕಥೆ ಬೇರೆ. ಅಲ್ಲೂ ರೈಲು ಹಾಕಿ ಸುತ್ತಲ ಜಾಗ ಮಾರಿದರು. ಆದರೆ ಜಾಗ ಒಂದು ಸಲ ಮಾರಿದರೆ ಮುಗಿಯಿತು, ರೈಲಿನ ಖರ್ಚು ಪ್ರತಿದಿನದ್ದು. ಆಮೇಲೆ ಕಾರುಗಳೂ ಬಂದವು. 1961ರಲ್ಲಿ ಕೊನೆಯ ಗಾಡಿ ನಿಂತಿತು.

ಈಗ ಸರ್ಕಾರಗಳು ಬೇರೆ ದಾರಿ ಹುಡುಕಿಕೊಂಡಿವೆ. ಹಾಂಗ್‌ಕಾಂಗ್‌ನಲ್ಲಿ ನಿಲ್ದಾಣದ ಮೇಲೆ, ಪಕ್ಕದಲ್ಲಿ ಕಟ್ಟುವ ಹಕ್ಕನ್ನು ಸರ್ಕಾರ ಮೆಟ್ರೊ ಸಂಸ್ಥೆಗೇ ಕೊಡುತ್ತದೆ. ಆ ಹಕ್ಕಿಗೆ ಬೆಲೆ ಕಟ್ಟುವುದು ರೈಲು ಇಲ್ಲ ಅಂದುಕೊಂಡು. ರೈಲು ಬಂದು ಬೆಲೆ ಏರಿದಾಗ ಆ ವ್ಯತ್ಯಾಸದಲ್ಲಿ ಮಾರ್ಗದ ಖರ್ಚು ಹುಟ್ಟುತ್ತದೆ. ಲಂಡನ್ ಮಾಡಿದ್ದು ಇನ್ನೂ ನೇರ. 2022ರಲ್ಲಿ ಓಡಲು ಶುರುವಾದ ಎಲಿಜಬೆತ್ ಮಾರ್ಗಕ್ಕಾಗಿ 2010ರಿಂದಲೇ ದೊಡ್ಡ ವ್ಯಾಪಾರಿ ಕಟ್ಟಡಗಳ ಮೇಲೆ ಹೆಚ್ಚುವರಿ ತೆರಿಗೆ ಹಾಕಿತು. ಸಣ್ಣ ಅಂಗಡಿಗಳನ್ನು ಬಿಟ್ಟಿತು. ನನಗೆ ಈ ಎರಡನೆಯದು ಜಾಸ್ತಿ ಇಷ್ಟ. ಹಾಂಗ್‌ಕಾಂಗ್ ಪದ್ಧತಿಗೆ ಜಮೀನು ಸರ್ಕಾರದ ಕೈಯಲ್ಲಿರಬೇಕು, ಅದು ಎಲ್ಲ ಕಡೆ ಇರುವುದಿಲ್ಲ. ಅದೂ ಅಲ್ಲದೆ ರೈಲಿನ ಖರ್ಚು ದುಬಾರಿ ಮನೆಗಳನ್ನು ನೆಚ್ಚಿಕೊಂಡರೆ ಮನೆ ಅಗ್ಗವಾಗಲಿ ಎಂದು ಯಾರು ಬಯಸುತ್ತಾರೆ?

ಪ್ರಶ್ನೆ: ನಾವು ಬಾಡಿಗೆಗೆ ಇರುವವರು. ಬಸ್ಸು ಸರಿಯಿಲ್ಲದ ಕಾಲದಲ್ಲಿ ಇಲ್ಲಿದ್ದೆವು. ಈಗ ರೈಲು ಬರುತ್ತದೆ, ಮಾಲೀಕರು ಬಾಡಿಗೆ ಏರಿಸುತ್ತೇವೆ ಅನ್ನುತ್ತಿದ್ದಾರೆ. ನಾವು ಹೋಗಲೇಬೇಕಾ?
— ಇಬ್ಬರು ಮಕ್ಕಳ ತಾಯಿ

ಉತ್ತರ: ನಿಮ್ಮ ಪತ್ರ ಓದಿ ಸಂಕಟವಾಯಿತು. ಅಷ್ಟು ವರ್ಷ ಕಷ್ಟಪಟ್ಟವರಿಗೇ ರೈಲು ಸಿಗದೆ ಹೋಗುವುದು ದೊಡ್ಡ ಅನ್ಯಾಯ. ಆದರೆ ರೈಲು ಬಂದಾಗೆಲ್ಲ ಹೀಗೇ ಆಗಬೇಕು ಅಂತಿಲ್ಲ. ನ್ಯೂಯಾರ್ಕ್‌ನಲ್ಲಿ 1904ರಲ್ಲಿ ಸುರಂಗ ರೈಲು ಶುರುವಾಯಿತು. ನಗರದ ಹೊರಭಾಗವಾದ ಕ್ವೀನ್ಸ್ ಕಡೆಗೆ ಹೋದ ಮಾರ್ಗಗಳು ಖಾಲಿ ಬಯಲಿನ ಮೇಲೆ ಓಡಿದವು. ಅಲ್ಲಿ ಸಾಲುಸಾಲು ಮನೆಗಳು ಎದ್ದವು. 1910ರಲ್ಲಿ 2.84 ಲಕ್ಷವಿದ್ದ ಕ್ವೀನ್ಸ್ ಜನಸಂಖ್ಯೆ 1930ಕ್ಕೆ 10.79 ಲಕ್ಷವಾಯಿತು. ನಗರದ ನಡುಭಾಗವಾದ, ಕಿಕ್ಕಿರಿದ ಮ್ಯಾನ್‌ಹಟನ್‌ನಲ್ಲಿ 1910ರಲ್ಲಿ 23 ಲಕ್ಷವಿದ್ದ ಜನ 1940ಕ್ಕೆ 19 ಲಕ್ಷಕ್ಕಿಂತ ಕಮ್ಮಿಯಾದರು. ರೈಲೊಂದೇ ಕಾರಣವಲ್ಲ, ಆದರೆ ರೈಲಿನ ಜೊತೆಗೇ ಮನೆಗಳೂ ಬೇಕಾದಷ್ಟು ಬಂದದ್ದು ದೊಡ್ಡ ಕಾರಣ. ಆಗಲೇ ತುಂಬಿದ ಬಡಾವಣೆಗೆ ರೈಲು ತಂದು, ಹೊಸ ಮನೆಗೆ ಅವಕಾಶ ಕೊಡದಿದ್ದರೆ ಇರುವ ಮನೆಗಳಿಗೇ ಪೈಪೋಟಿ. ನಿಮಗಾಗುತ್ತಿರುವುದು ಅದೇ.

ವಿಯೆನ್ನಾ ತನ್ನ ಸೀಸ್ಟಾಟ್ ಬಡಾವಣೆಗೆ 2013ರಲ್ಲಿ, ಜನ ವಾಸಕ್ಕೆ ಬರುವ ಮೊದಲೇ ಮೆಟ್ರೊ ಓಡಿಸಿತು. ಸರ್ಕಾರದ ನೆರವಿನ ಬಾಡಿಗೆ ಮನೆಗಳೂ ಅಲ್ಲಿ ಬಂದವು. ಮಾರ್ಗ ಪ್ರಕಟವಾಗುವ ಮುಂಚೆಯೇ ಜಾಗ ಸಾರ್ವಜನಿಕರ ಕೈಗೆ ಬಂದರೆ ಇದು ಸುಲಭ. ಆಮೇಲೆ ಕೊಳ್ಳಲು ಹೋದರೆ ದುಡ್ಡು ಸಾಲುವುದಿಲ್ಲ.

ಸದ್ಯಕ್ಕೆ ನೀವು ಮಾಡಬಹುದಾದದ್ದು, ಕರಾರನ್ನು ಈಗಲೇ ಆದಷ್ಟು ಹೆಚ್ಚು ವರ್ಷಕ್ಕೆ ಬರೆಸಿಕೊಳ್ಳಿ. ಪ್ರತಿವರ್ಷ ಎಷ್ಟು ಏರಿಕೆ ಅನ್ನುವುದೂ ಅದರಲ್ಲೇ ಇರಲಿ. ಹೋಗಲೇಬೇಕಾಗಿ ಬಂದರೆ ಅದೇ ಮಾರ್ಗದ ಇನ್ನೊಂದೆರಡು ನಿಲ್ದಾಣ ಆಚೆ ಹುಡುಕಿ. ಬಾಡಿಗೆಯ ಜೊತೆ ಓಡಾಟದ ಖರ್ಚನ್ನೂ ಕೂಡಿ ನೋಡಿ.

ಪ್ರಶ್ನೆ: ನನ್ನದು ಸೋಫಾ, ಮಂಚದ ಅಂಗಡಿ. ಎದುರಿಗೇ ನಿಲ್ದಾಣದ ಕೆಲಸ. ಗಿರಾಕಿಗಳು ಕಮ್ಮಿಯಾಗಿದ್ದಾರೆ. ತಡೆದುಕೊಂಡರೆ ಮುಂದೆ ಒಳ್ಳೆಯದಾಗುತ್ತದಾ?
— ಅಂಗಡಿ ಮಾಲೀಕ

ಉತ್ತರ: ನಿಮ್ಮ ವ್ಯಾಪಾರಕ್ಕೆ ಅಷ್ಟೇನೂ ಲಾಭ ಆಗಲಿಕ್ಕಿಲ್ಲ, ಅಣ್ಣ. ಔಷಧಿ, ಬೇಕರಿ, ಮೊಬೈಲ್ ರಿಪೇರಿ, ಜೆರಾಕ್ಸ್ ಇವು ನಡೆದು ಹೋಗುವವರನ್ನು ನಂಬಿದ ವ್ಯಾಪಾರ. ರೈಲಿಳಿದು ಸೋಫಾ ಹೊತ್ತುಕೊಂಡು ಹೋಗುವವರಿಲ್ಲ. ನಿಮಗೆ ಬೇಕಾದದ್ದು ಅಗಲ ಜಾಗ, ಲಾರಿ ನಿಲ್ಲಿಸಲು ಎಡೆ. ನಿಲ್ದಾಣದ ಬಾಗಿಲಲ್ಲಿ ಸಿಗದಿರುವುದು ಅದೇ. ಅಂಗಡಿ ಸ್ವಂತದ್ದಾದರೆ ಬಾಡಿಗೆಗೆ ಕೊಟ್ಟು ನೀವು ಒಳರಸ್ತೆಗೆ ಹೋಗಬಹುದು.

ಕೆಲಸದ ಕಾಲದ ನಷ್ಟಕ್ಕೆ ಪರಿಹಾರ ಕೇಳುವುದು ತಪ್ಪೇನಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 2009ರಲ್ಲಿ ಶುರುವಾದ ಲಘು ರೈಲಿಗಾಗಿ ರೈನಿಯರ್ ಕಣಿವೆಯಲ್ಲಿ ರಸ್ತೆ ಅಗೆದಾಗ ಅಲ್ಲಿನ ಸಣ್ಣ ವ್ಯಾಪಾರಿಗಳಿಗೂ ಆ ಭಾಗಕ್ಕೂ 5 ಕೋಟಿ ಡಾಲರ್‌ಗಳ ನಿಧಿ ಇಟ್ಟಿದ್ದರು. ಬೀದಿಯ ಅಂಗಡಿಯವರೆಲ್ಲ ಸೇರಿ ಒಂದೇ ಅರ್ಜಿ ಕೊಡಿ, ಹಿಂದಿನ ವರ್ಷಗಳ ಲೆಕ್ಕಪತ್ರವನ್ನೂ ಲಗತ್ತಿಸಿ.

ಉಳಿಯುವುದೇ ಆದರೆ ನಿಲ್ದಾಣದ ನಕ್ಷೆಯಲ್ಲಿ ಮೆಟ್ಟಿಲು ಯಾವ ಬದಿಗೆ ಇಳಿಯುತ್ತದೆ ನೋಡಿ. ಜನ ಇಳಿದ ಕಡೆಯೇ ನಡೆಯುತ್ತಾರೆ, ಎದುರು ಬದಿಯ ಅಂಗಡಿಗೆ ರಸ್ತೆ ದಾಟಿ ಬರುವವರು ತೀರಾ ಕಮ್ಮಿ.