ಕೋರ್ಸ್‌ಗಿಂತ ಮೊದಲು ಒಂದು ಹಾಳೆ, ಒಂದು ಕತ್ತರಿ

ರಂಗೋಲಿ, ಹೂಬಳ್ಳಿ ಚೆನ್ನಾಗಿ ಬಿಡಿಸ್ತೀನಿ, ಬಟ್ಟೆ ಮೇಲೆ ಪ್ರಿಂಟ್ ಹಾಕಿಸಿ ಮಾರಬೇಕು, ದುಬಾರಿ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಮೊದಲು ರಿಪೀಟ್, ಅಂದರೆ ಒಂದೇ ಚಿತ್ರ ಬಟ್ಟೆ ತುಂಬಾ ಮತ್ತೆ ಮತ್ತೆ ಬಂದರೂ ಜೋಡಣೆ ಕಾಣದಂತೆ ಬಿಡಿಸೋದು, ಕೈಗೆ ಹತ್ತಲಿ.

ಚೌಕ ಹಾಳೆಯ ನಡುವೆ ಮಾತ್ರ ಮಲ್ಲಿಗೆ ಮೊಗ್ಗೋ ಮಾವಿನೆಲೆಯೋ ಬಿಡಿಸಿ, ಅಂಚು ಮುಟ್ಟಬಾರದು. ಹಾಳೆಯನ್ನು ಉದ್ದಕ್ಕೆ ಕತ್ತರಿಸಿ, ಎಡ ಬಲ ಅದಲುಬದಲು ಮಾಡಿ ಹಿಂದೆ ಟೇಪ್ ಅಂಟಿಸಿ. ಆಮೇಲೆ ಅಡ್ಡಕ್ಕೆ ಕತ್ತರಿಸಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಈಗ ನಡುವೆ ಖಾಲಿ ಜಾಗ ಬಂತಲ್ಲ, ಅದನ್ನು ತುಂಬಿಸಿ. ನಾಲ್ಕು ಜೆರಾಕ್ಸ್ ತೆಗೆಸಿ ಪಕ್ಕಪಕ್ಕ ಜೋಡಿಸಿದರೆ ಬಳ್ಳಿ ಎಲ್ಲೂ ತುಂಡಾಗಲ್ಲ. ಫೋಟೊಶಾಪ್‌ನ ಆಫ್‌ಸೆಟ್ ಫಿಲ್ಟರ್ ಮಾಡೋದೂ ಇದನ್ನೇ.

ಜೋಡಿಸಿದ್ದನ್ನು ಗೋಡೆಗೆ ಅಂಟಿಸಿ ಹತ್ತಡಿ ದೂರದಿಂದ ನೋಡಿ. ನಾನು ಹಾಗೆ ನೋಡದೆ ಪ್ರಿಂಟಿಗೆ ಕೊಟ್ಟೆ. ಐದು ಮೀಟರ್ ಕಾಟನ್ ಬಿಚ್ಚಿದಾಗ ಹೂಗಳ ನಡುವೆ ಖಾಲಿ ಪಟ್ಟೆ ಉದ್ದಕ್ಕೂ ಎದ್ದು ಕಾಣ್ತಿತ್ತು. ತುಂಬಾ ಬೇಜಾರಾಗಿತ್ತು.

ಒಂದು ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆಯ ಬಟ್ಟೆ ಅಂಗಡಿ ಸುತ್ತಿ. ಟೇಪ್ ಹಿಡಿದು, ಪ್ರಿಂಟ್ ಎಷ್ಟು ಇಂಚಿಗೊಮ್ಮೆ ಮರಳಿ ಬರುತ್ತೆ ಅಂತ ಅಳೆಯಿರಿ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೂ ಹೋಗಿ, ಜನ ಎಲ್ಲಿ ನಿಲ್ತಾರೆ ಗಮನಿಸಿ.

ಮಾರೋಕೆ ಮುಂಚೆ ಇದು ಗೊತ್ತಿರಲಿ. 1957ರ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ರಿಜಿಸ್ಟರ್ ಆಗದ ಡಿಸೈನನ್ನು ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಸಲ ಅಚ್ಚು ಹಾಕಿಸಿದರೆ ಆ ಡಿಸೈನಿನ ಕಾಪಿರೈಟ್ ಉಳಿಯಲ್ಲ. 2000ದ ಡಿಸೈನ್ಸ್ ಕಾಯ್ದೆಯಡಿ ರಿಜಿಸ್ಟರ್ ಮಾಡಿಸಿದರೆ 10 ವರ್ಷ ರಕ್ಷಣೆ, ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಡಿಸೈನ್ ಹೊಸದಾಗಿರಬೇಕು, ಅಂದರೆ ಇನ್‌ಸ್ಟಾಗ್ರಾಮ್‌ಗೆ ಹಾಕೋ ಮೊದಲೇ ಅರ್ಜಿ ಹೋಗಿರಬೇಕು. ನಿಮಗೆ ತುಂಬಾ ಇಷ್ಟವಾದ ಒಂದೆರಡಕ್ಕಾದರೂ ಇದನ್ನು ಮಾಡಿಸಿ.