ಬೆಟ್ಟದೂರಿನ ನೀರಿನ ಯೋಜನೆ: ಸಭೆಯಲ್ಲಿ ಏನು ಕೇಳಬೇಕು?

ಪ್ರಶ್ನೆ: ನಾವು ಮೂಲತಃ ಧಾರವಾಡದವರು, ಬಹುಕಾಲದಿಂದ ಪುಣೆಯಲ್ಲಿದ್ದೇವೆ. ಸಾತಾರಾ ಜಿಲ್ಲೆಯ ಬೆಟ್ಟದ ಮೇಲಿನ ಊರೊಂದರಲ್ಲಿ ನಮ್ಮದೊಂದು ಸಣ್ಣ ಮನೆಯಿದ್ದು, ರಜೆಗೆ ಅಲ್ಲಿಗೆ ಹೋಗುತ್ತೇವೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದಷ್ಟು ಮಳೆ. ಏಪ್ರಿಲ್ ಬಂತೆಂದರೆ ಟ್ಯಾಂಕರಿಗೆ ಕಾಯಬೇಕು. ಹೊಸ ನೀರಿನ ಯೋಜನೆಗೆ ಅಲ್ಲಿನ ನಗರ ಪರಿಷತ್ತು ಈಗ ನಾಗರಿಕರ ಸಲಹೆ ಕೇಳಿದೆ. ಎಂಜಿನಿಯರುಗಳ ಕೆಲಸದಲ್ಲಿ ನಮ್ಮಂಥವರು ಹೇಳುವುದೇನಿದೆ?
– ಓದುಗರೊಬ್ಬರು, ಕೊಥ್ರೂಡ್, ಪುಣೆ

ಉತ್ತರ: ಹೇಳುವುದು ಬಹಳ ಇದೆ, ಆದರೆ ಯೋಜನಾ ವರದಿ ಅಂತಿಮವಾಗುವ ಮೊದಲೇ ಹೇಳಬೇಕು. ಕೊಳವೆಯ ಅಳತೆ, ಪಂಪಿನ ಶಕ್ತಿ ಎಂಜಿನಿಯರರಿಗೆ ಬಿಟ್ಟದ್ದು. ಯಾವ ಒರತೆ ಮೇ ತಿಂಗಳಲ್ಲೂ ಬತ್ತುವುದಿಲ್ಲ, ಯಾವ ಓಣಿಗೆ ನೀರು ಏರುವುದೇ ಇಲ್ಲ, ಶನಿವಾರ ಊರಿನಲ್ಲಿ ಎಷ್ಟು ಜನ ತುಂಬುತ್ತಾರೆ ಎಂಬುದು ಮಾತ್ರ ಅಲ್ಲಿನ ನಿವಾಸಿಗಳಿಗೂ ನೀರು ಬಿಡುವ ನೀರುಗಂಟಿಗೂ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ನಿಮ್ಮ ಸಾತಾರಾ ಜಿಲ್ಲೆಯದೇ ಆದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಬೆಟ್ಟದ ನೆತ್ತಿಯಲ್ಲಿರುವುದು ರಂಧ್ರಗಳಿರುವ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಗಟ್ಟಿಯಾದ ಬಸಾಲ್ಟ್ ಪದರ. ಮೇಲಿನಿಂದ ಇಳಿದ ನೀರು ಬಸಾಲ್ಟಿಗೆ ತಡೆದು ಪಕ್ಕಕ್ಕೆ ಒರತೆಯಾಗಿ ಹೊರಬೀಳುತ್ತದೆ. ಆದ್ದರಿಂದ ನೆತ್ತಿಯ ಬಯಲಿನಲ್ಲಿ ಕಾಂಕ್ರೀಟ್ ಹರಡಿದಷ್ಟೂ ಕೆಳಗಿನ ಒರತೆ ಬಡವಾಗುತ್ತದೆ, ಅಲ್ಲಿನ ಶೌಚಗುಂಡಿಗಳ ಕೊಳೆಯೂ ಅದೇ ದಾರಿಯಲ್ಲಿ ಒರತೆಗೆ ಇಳಿಯಬಹುದು. ಮಹಾಬಳೇಶ್ವರ–ಪಂಚಗಣಿ ಪ್ರದೇಶ 2001ರಲ್ಲೇ ಕಟ್ಟಡಗಳಿಗೆ ಮಿತಿ ಹಾಕುವ ಪರಿಸರ ಸೂಕ್ಷ್ಮ ವಲಯವೆಂದು ಘೋಷಿತವಾಗಿದ್ದರೂ, ನೀರಿನ ಯೋಜನೆಯ ಸಭೆಯಲ್ಲಿ ಕಟ್ಟಡ ಪರವಾನಗಿಯ ಮಾತೆತ್ತಿದರೆ ಅದು ಬೇರೆ ವಿಷಯವೆಂದು ಬದಿಗೆ ಸರಿಸುವುದುಂಟು. ನೀವು ಸುಮ್ಮನಾಗಬೇಡಿ, ಅದೇ ವಿಷಯ ಇದು.

ಒರತೆಯ ಲೆಕ್ಕವನ್ನು ನೀವೇ ಒಯ್ಯಬಹುದು. 15 ಲೀಟರಿನ ಬಕೆಟ್ಟನ್ನು ಧಾರೆಯ ಕೆಳಗಿಟ್ಟು, ತುಂಬಲು ಹಿಡಿಯುವ ಸಮಯವನ್ನು ಗಡಿಯಾರ ನೋಡಿ ಬರೆದಿಡಿ. 30 ಸೆಕೆಂಡಿನಲ್ಲಿ ತುಂಬಿದರೆ ದಿನಕ್ಕೆ 43,200 ಲೀಟರ್. ಒಳಚರಂಡಿಯಿರುವ ಪಟ್ಟಣಗಳಿಗೆ ಕೇಂದ್ರದ ಕೈಪಿಡಿ ಹೇಳುವ ತಲಾ 135 ಲೀಟರಿನಂತೆ ಅದು 320 ಜನರಿಗೆ ಸಾಕು. ಅಕ್ಟೋಬರಿನ ಅಳತೆ ಕಣ್ಣಿಗೆ ಹಿತವಾಗಿರುತ್ತದೆ, ಕೆಲಸಕ್ಕೆ ಬರುವುದು ಮೇ ತಿಂಗಳದ್ದು. ಅಕ್ಕಪಕ್ಕದವರು ಸೇರಿ ಒಂದಿಡೀ ವರ್ಷ ಹೀಗೆ ಬರೆದಿಟ್ಟ ನೋಟ್‌ಬುಕ್ಕನ್ನು ಯಾವ ಎಂಜಿನಿಯರರೂ ತಳ್ಳಿಹಾಕಲಾರರು.

ಸಭೆಯಲ್ಲಿ ಮೊದಲು ಕೇಳಬೇಕಾದದ್ದು, ಯೋಜನೆಯನ್ನು ಎಷ್ಟು ಜನರಿಗೆಂದು ರೂಪಿಸಿದ್ದಾರೆ ಎಂಬುದನ್ನು. ಜನಗಣತಿಯ ಸಂಖ್ಯೆಯನ್ನಷ್ಟೇ ಹಿಡಿದು ಮುಂದಿನ 30 ವರ್ಷಕ್ಕೆ ಬೆಳೆಸಿದರೆ ಪ್ರವಾಸಿಗರೂ ರಜೆಯ ಮನೆಯವರೂ ಲೆಕ್ಕದಿಂದ ಹೊರಗುಳಿಯುತ್ತಾರೆ. (ಬೇಸರಿಸಬೇಡಿ, ನೀವೂ ಅದೇ ಪೈಕಿ.) ಶಿಮ್ಲಾದಲ್ಲಿ 2018ರ ಮೇ ತಿಂಗಳ ಕೊನೆಗೆ, ಪ್ರವಾಸದ ಭರದಲ್ಲೇ, ನಲ್ಲಿಗಳು ದಿನಗಟ್ಟಲೆ ಒಣಗಿದವು. ಅದಕ್ಕೆ ಮೊದಲು, 2015ರ ಕೊನೆಯಿಂದ 2016ರ ಆರಂಭದವರೆಗೆ, ಅಶ್ವನಿ ಖಡ್ ಎಂಬ ಹೊಳೆಯ ನೀರಿಗೆ ಕೊಳಚೆ ಸೇರಿ ಅಲ್ಲಿ ಕಾಮಾಲೆ ಹರಡಿತ್ತು. ಹೊಸ ಮೂಲ ಹುಡುಕುವಾಗ ಅದರ ಮೇಲ್ಭಾಗದಲ್ಲಿ ಏನೇನಿದೆ ಎಂದು ವಿಚಾರಿಸುವುದು ಇದಕ್ಕಾಗಿಯೇ.

ಇನ್ನು ಇಳಿಜಾರಿನ ವಿಷಯ. ತೊಟ್ಟಿಗಿಂತ 100 ಮೀಟರ್ ಕೆಳಗಿರುವ ಮನೆಯ ಕೊಳವೆಯಲ್ಲಿ ನೀರು ಹರಿಯದೆ ತುಂಬಿ ನಿಂತಾಗ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಇರುತ್ತದೆ. ಹಳೆಯ ಬೆಸುಗೆಗಳು ಬಾಯಿಬಿಡುವುದು ಅಲ್ಲೇ. ತೊಟ್ಟಿಯ ಮಟ್ಟದಲ್ಲೇ ಇರುವ ಮನೆಗೆ ಹನಿಯೂ ಬರುವುದಿಲ್ಲ. ಊರನ್ನು ಎತ್ತರಕ್ಕೆ ತಕ್ಕಂತೆ ವಲಯಗಳಾಗಿ ವಿಂಗಡಿಸಿ, ನಡುನಡುವೆ ಒತ್ತಡ ಮುರಿಯುವ ತೊಟ್ಟಿಗಳನ್ನು ಕಟ್ಟದೆ ಹೋದರೆ, ಹೊಸ ನೀರು ತಂದರೂ ಕೆಳಗಿನ ಓಣಿಯಲ್ಲಿ ಸೋರಿ ಹೋಗುತ್ತದೆ. ವಲಯದ ನಕ್ಷೆಯನ್ನು ಸಭೆಯಲ್ಲೇ ಬಿಡಿಸಿ ತೋರಿಸಲು ಕೇಳಿ; ನೀರು ಏರದ ಮನೆಗಳನ್ನು ಅದರ ಮೇಲೆಯೇ ಗುರುತಿಸಿಕೊಡಿ.

ಚಾವಣಿಯ ಮಳೆನೀರಿನ ಬಗ್ಗೆ ಹೆಚ್ಚು ಆಸೆ ಬೇಡ. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 5 ಲಕ್ಷ ಲೀಟರ್ ಬೀಳುವುದೇನೋ ನಿಜ, ಆದರೆ 10,000 ಲೀಟರಿನ ತೊಟ್ಟಿ ನಾಲ್ವರ ಸಂಸಾರಕ್ಕೆ ಹದಿನೆಂಟು ದಿನ ಬರುತ್ತದೆ, ಅಷ್ಟೇ. ದೊಡ್ಡ ಹೋಟೆಲುಗಳಿಗೆ ದೊಡ್ಡ ತೊಟ್ಟಿ ಕಡ್ಡಾಯ ಮಾಡುವುದು ಬೇರೆ ಮಾತು, ಅದನ್ನು ಒತ್ತಾಯಿಸಬಹುದು.

ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ನಿಮ್ಮ ಬೆಟ್ಟದೂರಿಗೆ ಆ ಆಸರೆ ಇಲ್ಲ. ಆದ್ದರಿಂದ ಬಾಯಿಮಾತಿನ ಸಲಹೆಯನ್ನು ನೆಚ್ಚದೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕರಡು ವರದಿಯ ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಸಭೆಯನ್ನು ವಾರದ ನಡುವೆ ಇಟ್ಟರೆ ನೀವು ಪುಣೆಯಲ್ಲಿರುತ್ತೀರಿ, ಹೋಟೆಲಿನಲ್ಲಿ ದುಡಿಯುವವರಿಗೆ ಭಾನುವಾರ ಬಿಡುವಿರುವುದಿಲ್ಲ. ಒಂದೇ ಸಭೆ ಸಾಲದೆಂದೂ, ಟ್ಯಾಂಕರ್ ಬರುವ ಓಣಿಯಲ್ಲೇ ಒಂದು ಸಂಜೆ ಇನ್ನೊಂದು ಸಭೆ ಕರೆಯಬೇಕೆಂದೂ ನಿಮ್ಮ ಲಿಖಿತ ಸಲಹೆಯಲ್ಲೇ ಸೇರಿಸಿ.