ಗೇಟು ತಳ್ಳಿ ಒಳಗೆ ಹೋಗಿ

ಲಂಡನ್ನಿಗೆ ಬಂದು ಎರಡು ತಿಂಗಳಾಯಿತು, ಮೂರನೇ ಮಹಡಿಯ ಮನೆ, ಐದು ವರ್ಷದ ಮಗನನ್ನು ಆಡಿಸಲು ಎಲ್ಲಿಗೆ ಕರೆದೊಯ್ಯಲಿ, ಟಿಕೆಟ್ ಬೇಕೇ, ಯಾರಾದರೂ ತಡೆಯುತ್ತಾರೆಯೇ ಎಂದು ಕೇಳಿದ್ದೀರಿ. ತಂಗಿ, ಹದಿನಾರು ವರ್ಷಗಳ ಹಿಂದೆ ನಾನೂ ಇದೇ ಅಳುಕಿನಿಂದ ಪಾರ್ಕಿನ ಹೊರಗೆ ನಿಂತಿದ್ದೆ. ಯಾರೂ ತಡೆಯುವುದಿಲ್ಲ. ಕ್ಯೂ ಗಾರ್ಡನ್ಸ್‌ನಂಥ ಸಸ್ಯೋದ್ಯಾನಕ್ಕೆ ದುಡ್ಡು ಕೊಡಬೇಕು. ಸಾಮಾನ್ಯ ಪಾರ್ಕುಗಳಿಗೆ ಬೇಡ.

ದಿನನಿತ್ಯಕ್ಕೆ ನಿಮ್ಮ ಬೀದಿಯ ಹತ್ತಿರದ ಕೌನ್ಸಿಲ್ ಪಾರ್ಕ್, ಅಂದರೆ ಸ್ಥಳೀಯ ಆಡಳಿತ ನಡೆಸುವ ಪಾರ್ಕ್ ಸಾಕು. ಉಯ್ಯಾಲೆ, ಜಾರುಬಂಡೆಗಳಿರುವ ಜಾಗಕ್ಕೆ ಸಾಮಾನ್ಯವಾಗಿ ಬೇಲಿ ಇರುತ್ತದೆ, ಒಳಗೆ ನಾಯಿಗಳನ್ನು ಬಿಡುವುದಿಲ್ಲ. ನನ್ನ ಮೊದಲ ಗೆಳತಿಯರು ಸಿಕ್ಕಿದ್ದು ಅಲ್ಲಿನ ಬೆಂಚಿನ ಮೇಲೆಯೇ. ಮನೆಗಳ ನಡುವಿನ ಕೆಲವು ಚೌಕದ ತೋಟಗಳಿಗೆ ಮಾತ್ರ ಬೀಗವಿರುತ್ತದೆ. ಅವು ಸುತ್ತಲಿನ ನಿವಾಸಿಗಳವು, ಕೀಲಿಯೂ ಅವರದೇ. ಬೇಸರಪಡಬೇಡಿ.

ಭಾನುವಾರ ಲಂಡನ್ನಿನ ನೈಋತ್ಯದಲ್ಲಿರುವ ರಿಚ್ಮಂಡ್ ಪಾರ್ಕಿಗೆ ಹೋಗಿ. ಸುಮಾರು 2,500 ಎಕರೆ; ನಮ್ಮ ಲಾಲ್‌ಬಾಗಿನಂಥವು ಹತ್ತು ಹಿಡಿಸುತ್ತವೆ. ಮುಪ್ಪಾದ ಓಕ್ ಮರಗಳ ಕೆಳಗೆ ಆರುನೂರಕ್ಕೂ ಹೆಚ್ಚು ಜಿಂಕೆಗಳು ಬೇಲಿಯಿಲ್ಲದೆ ಓಡಾಡುತ್ತವೆ. ಐವತ್ತು ಮೀಟರ್ ದೂರವಿರಿ, ಮಗ ಎಷ್ಟೇ ಹಟಮಾಡಿದರೂ ತಿನ್ನಲು ಏನನ್ನೂ ಕೊಡಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡು ಜಿಂಕೆಗಳು ಕಾದಾಡುತ್ತವೆ. ಆಗ ಇನ್ನೂ ದೂರ.

ಈ ಪಾರ್ಕಿನ ಕಥೆಯನ್ನೂ ಹೇಳಲೇಬೇಕು. 1637ರಲ್ಲಿ ಒಂದನೇ ಚಾರ್ಲ್ಸ್ ದೊರೆ ಬೇಟೆಗಾಗಿ ಈ ನೆಲಕ್ಕೆ ಗೋಡೆ ಕಟ್ಟಿಸಿದ. ಮುಂದಿನ ಶತಮಾನದಲ್ಲಿ ಪಾರ್ಕಿನ ಉಸ್ತುವಾರಿ ಹೊತ್ತಿದ್ದ ರಾಜಕುಮಾರಿ ಅಮೇಲಿಯಾ ಜನರನ್ನು ಹೊರಗಿಟ್ಟಾಗ, ಜಾನ್ ಲೂಯಿಸ್ ಎಂಬ ಊರಿನ ಬಿಯರ್ ತಯಾರಕ ನ್ಯಾಯಾಲಯಕ್ಕೆ ಹೋಗಿ 1758ರಲ್ಲಿ ಗೆದ್ದ. ನಡೆದು ಹೋಗುವವರಿಗಾಗಿ ಗೋಡೆಗೆ ಏಣಿಗಳು ಬಂದವು. ಆ ಪಾರ್ಕಿನ ಗೇಟು ದಾಟುವಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.

ಉತ್ತರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಎಂಬ ಬಯಲು ಬೇರೆಯೇ ಬಗೆಯದು: ಒರಟು ಹುಲ್ಲು, ಕಾಡು, ಈಜುವ ಕೆರೆಗಳು. ಊರಾಚೆ ಹೋದರೆ ‘ಪಬ್ಲಿಕ್ ಫುಟ್‌ಪಾತ್’ ಎಂಬ ಫಲಕಗಳು ಕಾಣುತ್ತವೆ. ರೈತನ ಹೊಲದ ನಡುವೆಯೇ ದಾರಿ ಹೋದರೂ ಅದರಲ್ಲಿ ನಡೆಯುವುದು ನಿಮ್ಮ ಹಕ್ಕು. ಬೆಳೆ ತುಳಿಯದೆ, ಮುಚ್ಚಿದ್ದ ಗೇಟನ್ನು ಮತ್ತೆ ಮುಚ್ಚಿ ಮುಂದೆ ಸಾಗಿ.

ಅನೇಕ ಪಾರ್ಕುಗಳು ಕತ್ತಲಾಗುತ್ತಲೇ ಬಾಗಿಲು ಹಾಕುತ್ತವೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗಿರುತ್ತಾನೆ. ಊಟ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಡಿ.